ಏನೂ ಮಾಡದವರ ಗುಂಪು

ಕಂಡಕ್ಟರಮ್ಮನಿಗೆ ಜೀವಮಾನದಲ್ಲಿ ಒಲಿಯದೆ ಹೋದ ವಿದ್ಯೆ ಒಂದೇ, ಸುಮ್ಮನೆ ಕೂರುವುದು. ಯೌವನವನ್ನೆಲ್ಲ ಓಡುವ ಬಸ್ಸಿನಲ್ಲಿ ನಿಂತು ಟಿಕೆಟ್ ಹರಿಯುತ್ತಾ ಕಳೆದವಳು. ನಿವೃತ್ತಳಾದಾಗ ಡಿಪೋದವರು ಒಂದು ಆರಾಮಕುರ್ಚಿಯನ್ನು ಉಡುಗೊರೆ ಕೊಟ್ಟರು. ಅದರಲ್ಲಿ ಇಸ್ತ್ರಿಗೆ ಹೋಗಬೇಕಾದ ಬಟ್ಟೆ ಕೂತಿರುತ್ತಿತ್ತು, ಆಕೆ ಕೂತದ್ದನ್ನು ಯಾರೂ ಕಂಡಿರಲಿಲ್ಲ. ಒಲೆಯ ಮುಂದೆ ನಿಂತಾಗಲೂ ಪಾದಗಳನ್ನು ಅಗಲಿಸಿ, ನೆಲ ಯಾವ ಗಳಿಗೆಯಲ್ಲಾದರೂ ಬ್ರೇಕ್ ಹಾಕೀತು ಎಂಬಂತೆ ನಿಲ್ಲುತ್ತಿದ್ದಳು. ಬ್ಯಾಂಕಿನಲ್ಲಿ ಯಾರಾದರೂ ಬಾಗಿಲಿಗೆ ಅಡ್ಡ ನಿಂತರೆ "ಒಳಗೆ ಜಾಗ ಇದೆ, ನಡೀರಿ" ಎಂದು ಗದರದೆ ಇರಲಾಗುತ್ತಿರಲಿಲ್ಲ. ಆಕೆಯ ಗಂಡ ಅದೇ ಸಂಸ್ಥೆಯಲ್ಲಿ ಡ್ರೈವರ್. ಬದುಕಿದ್ದಷ್ಟು ದಿನ ಮನೆಯಲ್ಲೂ ಹೆಂಡತಿ ಹೇಳದೆ ಹೊರಟವನಲ್ಲ, ಹೆಂಡತಿ ಹೇಳದೆ ನಿಂತವನೂ ಅಲ್ಲ. ಆತ ತೀರಿಕೊಂಡ ಮೇಲೆ ಗದರಲು ಒಂದು ನರಪಿಳ್ಳೆಯೂ ಇಲ್ಲವಾಗಿ, ಮಹಡಿಯ ಕೋಣೆಯನ್ನು ಒಬ್ಬ ಹುಡುಗಿಗೆ ಬಾಡಿಗೆಗೆ ಕೊಟ್ಟಳು.

ಹುಡುಗಿ ವಿಶ್ವವಿದ್ಯಾಲಯದಲ್ಲಿ ಫಿಸಿಯೋಥೆರಪಿ ಓದುತ್ತಿದ್ದಳು, ಸ್ನಾತಕೋತ್ತರ ಪದವಿಯ ಕೊನೆಯ ವರ್ಷ. ಆ ವಿದ್ಯೆಯವರು ಮನುಷ್ಯರ ಮುಖ ನೋಡುವುದು ಕಡಿಮೆ. ಮನೆ ನೋಡಲು ಬಂದವಳು ಮನೆಯನ್ನು ಬಿಟ್ಟು ಮನೆಯೊಡತಿಯ ಕಾಲು ನೋಡಿದಳು.

"ನಿಮ್ಮ ಬಲಗಾಲು ಸ್ವಲ್ಪ ಹೊರಗೆ ತಿರುಗತ್ತಲ್ಲ, ದೊಡ್ಡಮ್ಮ?"

"ಇಷ್ಟು ವರ್ಷ ಬಾಗಿಲ ಕಡೆ ತಿರುಗಿಸಿಕೊಂಡೇ ನಿಂತಿದ್ದೆ. ಈಗ ಅದಕ್ಕೆ ಬುದ್ಧಿ ಹೇಳೋರ್ಯಾರು? ನೀನು ನಲ್ಲೀಲಿ ನೀರು ಬರತ್ತಾ ನೋಡ್ಕೋ."

ಹುಡುಗಿ ಊಟದ ಡಬ್ಬಿ ಮರೆತು ಹೋಗುವುದು ಮಾಮೂಲಾಯಿತು. ಅದನ್ನು ತಲುಪಿಸುವ ನೆವದಲ್ಲಿ ಕಂಡಕ್ಟರಮ್ಮ ಅವಳ ವಿಭಾಗವನ್ನೆಲ್ಲ ಸುತ್ತಿಬಂದಳು. ಉದ್ದನೆಯ ಹಾಲ್, ರೆಕ್ಸಿನ್ ಹೊದಿಸಿದ ಎತ್ತರದ ಮಂಚಗಳು, ಗೋಡೆಗೆ ಆಳೆತ್ತರದ ಕನ್ನಡಿ, ಮೂಲೆಯಲ್ಲಿ ದೊಡ್ಡ ದೊಡ್ಡ ರಬ್ಬರ್ ಚೆಂಡುಗಳು, ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಅಸ್ಥಿಪಂಜರ. ಅದರ ಕೊರಳಿಗೆ ಯಾರೋ ಸಿಬ್ಬಂದಿಯ ಗುರುತಿನ ಚೀಟಿ ನೇತುಹಾಕಿದ್ದರು. ಅಲ್ಲಿ ಅಧ್ಯಾಪಕರೂ ವಿದ್ಯಾರ್ಥಿಗಳೂ ಎಲ್ಲರೂ ಏನಾದರೊಂದು ಸಂಶೋಧನೆ ನಡೆಸುತ್ತಿದ್ದರು. ಸಂಶೋಧನೆಗೆ ಯಾರದಾದರೂ ದೇಹ ಬೇಕು, ಆದ್ದರಿಂದ ಒಬ್ಬರನ್ನೊಬ್ಬರು ಕಂಡರೆ ತಲೆ ತಪ್ಪಿಸಿಕೊಳ್ಳುತ್ತಿದ್ದರು. ಶಾಲೆಯ ಚೀಲದ ಭಾರಕ್ಕೂ ಕತ್ತುನೋವಿಗೂ ಇರುವ ನಂಟನ್ನು ಹುಡುಕುತ್ತಿದ್ದ ಒಬ್ಬ ಅಧ್ಯಾಪಕಿ ಕಲ್ಲು ತುಂಬಿದ ಚೀಲ ಹಿಡಿದು ಕಾರಿಡಾರಿನಲ್ಲಿ ಹೊಂಚುಹಾಕುತ್ತಿದ್ದರು. ಆಕೆ ಅಲ್ಲಿದ್ದರೆ ಆಫೀಸಿನ ಗುಮಾಸ್ತ ಕಿಟಕಿಯಿಂದ ಇಳಿದು ಮನೆಗೆ ಹೋಗುತ್ತಿದ್ದ. ವಿಭಾಗದ ಹಿರಿಯ ಪ್ರೊಫೆಸರರು ಕುರ್ಚಿಗಳ ಬಗ್ಗೆಯೇ ಪ್ರಬಂಧ ಬರೆದು ಬರೆದು ಕೊನೆಗೆ ಯಾವ ಕುರ್ಚಿಯನ್ನೂ ನಂಬದವರಾಗಿದ್ದರು. ನಿಂತೇ ಪಾಠ, ನಿಂತೇ ಊಟ, ನಿಂತೇ ಸಹಿ. ಎದುರು ಬಂದವರಿಗೆಲ್ಲ ನಮಸ್ಕಾರದ ಬದಲು "ನೆಟ್ಟಗೆ" ಎನ್ನುತ್ತಿದ್ದರಿಂದ ವಿದ್ಯಾರ್ಥಿಗಳು ಅವರಿಗೆ ನೆಟ್ಟಗಿನ ಸಾರ್ ಎಂದು ಹೆಸರಿಟ್ಟಿದ್ದರು. ಕಂಡಕ್ಟರಮ್ಮನಿಗೆ ಅವರನ್ನು ಕಂಡ ತಕ್ಷಣ ಗೌರವ ಹುಟ್ಟಿತು. ಅಷ್ಟು ಓದಿಯೂ ನಿಂತೇ ಇರುವ ಮನುಷ್ಯನನ್ನು ಆಕೆ ಹಿಂದೆ ನೋಡಿರಲಿಲ್ಲ.

ಹುಡುಗಿಯ ಸಂಶೋಧನೆ ಮುದುಕರು ಬೀಳದಂತೆ ನೋಡಿಕೊಳ್ಳುವುದರ ಬಗ್ಗೆ. ಅವಳು ಕೆಲವು ವ್ಯಾಯಾಮಗಳನ್ನು ಆರಿಸಿದ್ದಳು. ವಯಸ್ಸಾದವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ತಿಂಗಳು ವ್ಯಾಯಾಮ ಕಲಿಸುವುದು, ಇನ್ನೊಂದನ್ನು ಅದರ ಪಾಡಿಗೆ ಬಿಡುವುದು, ಕೊನೆಯಲ್ಲಿ ಎರಡು ಗುಂಪನ್ನೂ ಅಳೆದು ಹೋಲಿಸುವುದು. ಕೇಳಲು ಸುಲಭ. ಆದರೆ ಹಿಂದಿನ ವರ್ಷ ಇಂಥದೇ ಕೆಲಸಕ್ಕೆ ಕೈಹಾಕಿದ ಒಬ್ಬ ಹಿರಿಯ ವಿದ್ಯಾರ್ಥಿನಿಯ ಗತಿ ಎಲ್ಲರಿಗೂ ಗೊತ್ತಿತ್ತು. ಅರ್ಧ ಜನ ನಡುವೆ ಬಿಟ್ಟುಹೋದರು. ಉಳಿದವರು ಪಾರ್ಕಿನಲ್ಲಿ ಒಬ್ಬರನ್ನು ನೋಡಿ ಒಬ್ಬರು ಕದ್ದು ಕಲಿತು ಎರಡು ಗುಂಪೂ ಒಂದೇ ಆದವು. ನೆಟ್ಟಗಿನ ಸಾರ್ ಸಹಿ ಹಾಕಲಿಲ್ಲ. ಅವಳು ಇನ್ನೂ ಹಾಸ್ಟೆಲಿನಲ್ಲೇ ಇದ್ದಳು, ಹಾಸ್ಟೆಲಿನ ಬೆಕ್ಕೂ ಅವಳಿಗೆ ಹಿರಿಯಳೆಂದು ದಾರಿ ಬಿಡುತ್ತಿತ್ತು. ನಮ್ಮ ಹುಡುಗಿಗೆ ಹಾಗೆ ಉಳಿಯುವಂತಿರಲಿಲ್ಲ. ಅವಳ ಊರಿನ ಆಸ್ಪತ್ರೆಯಲ್ಲಿ ಕೆಲಸ ಕಾದಿತ್ತು, ಈ ಓದಿನ ಅವಧಿಯ ಕೊನೆಗೆ ಪದವಿ ಕೈಗೆ ಬಾರದಿದ್ದರೆ ಅದು ಬೇರೆಯವರ ಪಾಲು.

"ಜನ ನಾನು ಹತ್ತಿಸ್ತೀನಿ" ಎಂದು ಕಂಡಕ್ಟರಮ್ಮ ಮಾತು ಕೊಟ್ಟಳು. "ಕೊನೇ ಸ್ಟಾಪಿನ ತನಕ ಒಬ್ಬರನ್ನೂ ಇಳಿಯೋಕೆ ಬಿಡಲ್ಲ."

ಬೀದಿಯ ಮುದುಕ ಮುದುಕಿಯರೆಲ್ಲ ಬಂದರು, ಬರದೆ ಇರುವ ಧೈರ್ಯ ಯಾರಿಗೂ ಇರಲಿಲ್ಲ. ಗಡಿಯಾರ ರಿಪೇರಿ ಮಾಡಿಕೊಂಡಿದ್ದ ತಾತ ಬಂದ. ಬೀದಿಯ ಕೊನೆಯ ದೊಡ್ಡ ಮನೆಯ ಅತ್ತೆಮ್ಮ ಬಂದಳು. ಯಾವಾಗ ಹೋದರೂ ಒಲೆಯ ಮುಂದೆಯೇ ಕಾಣುತ್ತಿದ್ದುದರಿಂದ ಆಕೆಯನ್ನು ಎಲ್ಲರೂ ಅಡುಗೆಯಕ್ಕ ಎನ್ನುತ್ತಿದ್ದರು. ಮೊದಲು ಅಳತೆ. ಕುರ್ಚಿಯಿಂದ ಎದ್ದು, ನೆಲಕ್ಕೆ ಅಂಟಿಸಿದ ಟೇಪಿನವರೆಗೆ ನಡೆದು, ತಿರುಗಿ ಬಂದು ಕೂರಬೇಕು. ಹುಡುಗಿ ಸ್ಟಾಪ್‌ವಾಚ್ ಒತ್ತುತ್ತಾಳೆ. ಆಮೇಲೆ ಮೆತ್ತನೆಯ ಸ್ಪಂಜಿನ ಮೇಲೆ ಒಂಟಿಕಾಲಲ್ಲಿ ನಿಲ್ಲಬೇಕು. ಸ್ಪಂಜಿನ ಮೇಲೆ ಕಂಡಕ್ಟರಮ್ಮ ನಿಂತದ್ದನ್ನು ನೋಡಲು ಪಕ್ಕದ ತರಗತಿಯವರೂ ಬಂದರು. ನಿಂತಲ್ಲಿಂದಲೇ ಆಕೆ ಹಿಂದಿನ ಸಾಲಿನವರಿಗೆ ಗದ್ದಲ ಮಾಡಬೇಡಿ ಎಂದು ಹೇಳಿದಳು. ಆದರೆ ಕುರ್ಚಿಯಿಂದ ಏಳುವಾಗ ಮಾತ್ರ ಎಲ್ಲರಿಗಿಂತ ಹಿಂದೆ ಬಿದ್ದಳು. ಕೂತು ಅಭ್ಯಾಸವಿದ್ದರಲ್ಲವೇ ಏಳುವ ಅಭ್ಯಾಸ.

ಆಮೇಲೆ ಲಕೋಟೆ. ಯಾರು ಯಾವ ಗುಂಪಿಗೆ ಎಂಬುದನ್ನು ಅಂಟಿಸಿದ ಲಕೋಟೆಗಳೇ ನಿರ್ಧರಿಸಬೇಕೆಂಬುದು ಆ ವಿದ್ಯೆಯ ಕಟ್ಟುನಿಟ್ಟು. ಕಂಡಕ್ಟರಮ್ಮ ತನ್ನದನ್ನು ಒಡೆದು ಓದಿದಳು. ವ್ಯಾಯಾಮವಿಲ್ಲ. ಗಡಿಯಾರದ ತಾತನಿಗೂ ಅಡುಗೆಯಕ್ಕನಿಗೂ ಅದೇ ಬಂದಿತ್ತು.

"ಇದು ಬೇಡ. ಬೇರೆ ಕೊಡು ಮರಿ."

"ಬದಲಾಯಿಸಿದ್ರೆ ಎಲ್ಲಾ ಕೆಟ್ಟು ಹೋಗತ್ತೆ ದೊಡ್ಡಮ್ಮ."

"ಇಷ್ಟು ಜನರನ್ನ ಕರ್ಕೊಂಡು ಬಂದಿದ್ದು ನಾನು. ನನಗೇ ಕೆಲಸ ಇಲ್ವಾ?"

ನೆಟ್ಟಗಿನ ಸಾರ್ ನಡುವೆ ಬಂದು, ಈ ಗುಂಪಿಲ್ಲದೆ ಆ ಗುಂಪಿಗೆ ಬೆಲೆಯೇ ಇಲ್ಲವೆಂದು ವಿವರಿಸಿದರು. ಇಷ್ಟು ದಿನ ಹೇಗಿದ್ದಿರೋ ಹಾಗೇ ಇರಿ, ತಿಂದುಂಡು ಓಡಾಡಿಕೊಂಡಿರಿ, ಹೊಸದೇನನ್ನೂ ಶುರುಮಾಡಬೇಡಿ, ಅಷ್ಟೇ. ಹುಡುಗಿ ಮನೆಗೆ ಬರುವ ದಾರಿಯಲ್ಲಿ ಕೈಹಿಡಿದು ಇನ್ನೊಂದು ಮಾತು ಸೇರಿಸಿದಳು: ನಮ್ಮ ಬೀದಿಯಲ್ಲಿ ಈ ಗುಂಪಿಗೆ ಬಂದವರು ಆ ಗುಂಪಿನ ವ್ಯಾಯಾಮವನ್ನು ಕದ್ದು ಕಲಿಯದ ಹಾಗೆ ಸ್ವಲ್ಪ ನೋಡಿಕೊಳ್ಳಿ ದೊಡ್ಡಮ್ಮ, ನಿಮ್ಮನ್ನೇ ನಂಬಿದ್ದೀನಿ.

ಮಾತು ಎರಡೂ ಸ್ಪಷ್ಟವಾಗಿದ್ದವು, ಕಂಡಕ್ಟರಮ್ಮನ ಕಿವಿಯೂ ಚುರುಕಾಗಿತ್ತು. ಕೆಡಿಸಿದ್ದು ಆಕೆಯ ನಿಷ್ಠೆ. ಆಕೆ ಲೆಕ್ಕ ಹಾಕಿದಳು: ನಮ್ಮ ಹುಡುಗಿಯ ವ್ಯಾಯಾಮ ಗೆಲ್ಲಬೇಕಾದರೆ ವ್ಯಾಯಾಮವಿಲ್ಲದವರು ಸೋಲಬೇಕು. ಸೋಲುವುದೆಂದರೆ ಅರೆಬರೆ ಸೋಲಬಾರದು. ಕೆಲಸ ಯಾವುದೇ ಇರಲಿ, ಹಿಡಿದ ಮೇಲೆ ಅಚ್ಚುಕಟ್ಟಾಗಿ ಮಾಡಬೇಕು.

ಎರಡು ದಿನ ಕಳೆದು ಗಡಿಯಾರದ ತಾತ ಬೆಳಿಗ್ಗೆ ಪೇಪರ್ ಅಂಗಡಿಗೆ ಹೊರಟ. ಅಲ್ಲಿ ನಿಂತು ಪುಕ್ಕಟೆಯಾಗಿ ಪೇಪರ್ ಓದಿ ಅಂಗಡಿಯವನ ಜೊತೆ ಜಗಳವಾಡಿ ಬರುವುದು ಅವನ ದಿನಚರಿ. ಮೇಲಿನ ಸಾಲಿನ ವಾರಪತ್ರಿಕೆಯನ್ನು ಎಳೆಯಲು ಅವನು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತ. ವ್ಯಾಯಾಮದ ಗುಂಪಿನವರು ಮಾಡುವುದೂ ಅದನ್ನೇ ಎಂಬುದು ಡಬ್ಬಿ ಕೊಡಲು ಹೋದಾಗ ಕಂಡಕ್ಟರಮ್ಮನ ಕಣ್ಣಿಗೆ ಬಿದ್ದಿತ್ತು. ಹಿಂದೆಯೇ ಬಂದಿದ್ದ ಆಕೆ ಅವನ ಹೆಗಲು ಹಿಡಿದು ಕೆಳಗಿಳಿಸಿದಳು.

"ಹಿಮ್ಮಡಿ ಕೆಳಗೆ. ಇದು ಆ ಗುಂಪಿನದು."

"ಪೇಪರ್ ಓದೋದೂ ಬೇಡ್ವಾ?"

"ಓದು. ಕೂತ್ಕೊಂಡು ಓದು. ನಾನೇ ತಂದುಕೊಡ್ತೀನಿ."

ಅಂದಿನಿಂದ ತಾತನಿಗೆ ಪೇಪರು ಮನೆಬಾಗಿಲಿಗೆ ಬಂತು. ನಂತರದ ಸರದಿ ಅಡುಗೆಯಕ್ಕನದು. ಆಕೆ ಅಟ್ಟದ ಡಬ್ಬಕ್ಕೆ ಕೈಚಾಚಿದ್ದು, ಬಗ್ಗಿ ಪಾತ್ರೆ ಎತ್ತಿದ್ದು, ಒಂದು ಕಾಲಿನ ಮೇಲೆ ಭಾರ ಹಾಕಿ ಹಿಟ್ಟು ನಾದಿದ್ದು, ಎಲ್ಲದರಲ್ಲೂ ಕಂಡಕ್ಟರಮ್ಮನಿಗೆ ಕಳ್ಳ ವ್ಯಾಯಾಮವೇ ಕಂಡಿತು. ಆಕೆಯನ್ನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಮಗನನ್ನೂ ಸೊಸೆಯನ್ನೂ ಕರೆದು, ಇದು ಯೂನಿವರ್ಸಿಟಿಯ ವಿಷಯ, ಎರಡು ತಿಂಗಳು ಇವರು ಒಲೆಯ ಹತ್ತಿರ ಸುಳಿಯಬಾರದು ಎಂದಳು. ಸೊಸೆ ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆಯೇ ಬರುವವಳು, ಆದ್ದರಿಂದ ಸೌಟು ಮಗನ ಕೈಗೆ ಬಂತು. ಅವನು ಅಷ್ಟು ವರ್ಷವೂ ಅಡುಗೆಮನೆಯ ದೀಪದ ಗುಂಡಿ ಎಲ್ಲಿದೆ ಎಂದು ತಿಳಿಯದೆ ಸುಖವಾಗಿದ್ದ ಮನುಷ್ಯ.

ಹೀಗೆ ಆ ಗುಂಪಿನವರ ಮನೆಮನೆಯಲ್ಲೂ ಏನೂ ಮಾಡದಿರುವ ಕೆಲಸ ಜಾರಿಗೆ ಬಂತು. ಜಾರಿಯಾದ ಮೇಲೆ ತಪಾಸಣೆ ಬೇಡವೇ? ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು. ಒಬ್ಬರು ಮೂರನೆಯ ಮಹಡಿಯಲ್ಲಿ, ಇನ್ನೊಬ್ಬರ ಮನೆಗೆ ಏಣಿಯಂಥ ಮೆಟ್ಟಿಲು. ಕಂಡಕ್ಟರಮ್ಮ ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಹತ್ತಿದಳು, ಇಳಿದಳು. ಹೋದ ಮನೆಯಲ್ಲೆಲ್ಲ ಕೂತುಕೊಳ್ಳಿ, ಟೀ ಕುಡಿಯಿರಿ ಎಂದು ಬಲವಂತ ಮಾಡುವರು. ಮರ್ಯಾದೆಗೆ ಕುರ್ಚಿಯ ತುದಿಯಲ್ಲಿ ಕೂತು, ಪಕ್ಕದ ಕೋಣೆಯಲ್ಲಿ ಯಾರೋ ಎದ್ದ ಸದ್ದಾದರೆ ಚಂಗನೆ ಎದ್ದು, ಅವರನ್ನು ಕೂರಿಸಿ ಬಂದು ಮತ್ತೆ ಕೂರುವಳು. ಬೇಲಿಯೇ ಎದ್ದು ಹೊಲ ಮೇಯುತ್ತಿದೆ ಎಂಬುದು ಬೇಲಿಗೆ ಹೊಳೆಯಲಿಲ್ಲ.

ಹುಡುಗಿ ಇಡೀ ದಿನ ವಿಭಾಗದ ಹಾಲ್‌ನಲ್ಲಿ ತನ್ನ ವ್ಯಾಯಾಮದವರ ಜೊತೆಗಿರುತ್ತಿದ್ದಳು. ಮೆಟ್ಟಿಲಲ್ಲಿ ಸಿಕ್ಕಾಗೊಮ್ಮೆ, ನಮ್ಮವರು ಹೇಗಿದ್ದಾರೆ ದೊಡ್ಡಮ್ಮ ಎಂದು ಕೇಳಿದಳು.

"ಮಿಸುಕಾಡ್ತಿಲ್ಲ."

ಹುಡುಗಿ ನಕ್ಕಳು, ತಮಾಷೆ ಎಂದುಕೊಂಡಳು.

ಎರಡನೆಯ ಅಳತೆಯ ದಿನ ಬಂತು. ವ್ಯಾಯಾಮದವರು ಮೊದಲಿಗಿಂತ ತುಸು ಚುರುಕಾಗಿದ್ದರು, ಹುಡುಗಿ ನಿರೀಕ್ಷಿಸಿದ್ದೂ ಅಷ್ಟನ್ನೇ. ಆಮೇಲೆ ಇನ್ನೊಂದು ಗುಂಪು. ಗಡಿಯಾರದ ತಾತ ಕುರ್ಚಿಯ ಎರಡೂ ಕೈ ಹಿಡಿದು ಎದ್ದ, ಟೇಪಿನ ಹತ್ತಿರ ಹೋಗಿ ಅದನ್ನೇ ನೋಡುತ್ತಾ ನಿಂತು, ವಾಪಸ್ಸು ಬರಲೇಬೇಕಾ ಎಂದು ವಿಚಾರಿಸಿದ. ಅಡುಗೆಯಕ್ಕ ಅರ್ಧ ಎದ್ದು ಮತ್ತೆ ಕೂತಳು, ಅವಳ ಮುಖದಲ್ಲಿ ಬೇಸರವೇನೂ ಕಾಣಲಿಲ್ಲ. ಸ್ಪಂಜಿನ ಮೇಲಂತೂ ಒಬ್ಬೊಬ್ಬರ ಪಕ್ಕ ಇಬ್ಬಿಬ್ಬರು ವಿದ್ಯಾರ್ಥಿಗಳು ಕೈ ಅಗಲಿಸಿ ನಿಲ್ಲಬೇಕಾಯಿತು. ಕಡೆಯಲ್ಲಿ ಕಂಡಕ್ಟರಮ್ಮ. ಹುಡುಗಿ ಗುಂಡಿ ಒತ್ತುವಷ್ಟರಲ್ಲಿ ಎದ್ದು ಹೋಗಿ ಬಂದು ಕೂತಿದ್ದಳು. ಹುಡುಗಿ ಸ್ಟಾಪ್‌ವಾಚನ್ನು ಅಲ್ಲಾಡಿಸಿ ನೋಡಿ, ಇನ್ನೊಮ್ಮೆ ಹೋಗಿ ಎಂದಳು. ಇನ್ನೂ ಬೇಗ ಬಂದಳು.

ಲೆಕ್ಕವೆಲ್ಲ ಮುಗಿದ ದಿನ ಕಂಡಕ್ಟರಮ್ಮ ಡಬ್ಬಿ ಹಿಡಿದು ಹಾಲ್‌ನ ಬಾಗಿಲಲ್ಲಿದ್ದಳು. ಹುಡುಗಿಯ ಮುಖ ಅರಳಿತ್ತು. ಎರಡು ಗುಂಪಿಗೂ ಇಷ್ಟು ದೊಡ್ಡ ಅಂತರ ವಿಭಾಗದಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ಚೀಲದ ಅಧ್ಯಾಪಕಿ ಹೊಟ್ಟೆಕಿಚ್ಚಿನಿಂದ ಚೀಲವನ್ನೇ ಮರೆತು ಹೋಗಿದ್ದರು. ನೆಟ್ಟಗಿನ ಸಾರ್ ಹಾಳೆಗಳನ್ನು ನಿಂತೇ ಓದಿದರು, ಮತ್ತೆ ಓದಿದರು.

"ವ್ಯಾಯಾಮ ಒಳ್ಳೇದೇ, ಒಪ್ಪೋಣ. ಆದ್ರೆ ಈ ಗುಂಪು ಯಾಕೆ ಹೀಗೆ ಕುಸಿದುಬಿಡ್ತು? ಎರಡು ತಿಂಗಳಲ್ಲಿ ಯಾರೂ ತಾವಾಗೇ ಇಷ್ಟು ಕುಸಿಯಲ್ಲ."

ಕಂಡಕ್ಟರಮ್ಮನಿಗೆ ತಡೆಯಲಾಗಲಿಲ್ಲ. ಎಲ್ಲ ಕೀರ್ತಿಯೂ ವ್ಯಾಯಾಮಕ್ಕೇ ಹೋಗುತ್ತಿತ್ತು.

"ತಾವಾಗೇ ಎಲ್ಲಿ ಕುಸಿದ್ರು ಸಾರ್? ನಾನು ಎಷ್ಟು ಒದ್ದಾಡಿದ್ದೀನಿ ಅಂತ ನನಗೇ ಗೊತ್ತು."

ಆಮೇಲೆ ಆಕೆ ಎಲ್ಲವನ್ನೂ ವಿವರವಾಗಿ ಹೇಳಿದಳು: ಪೇಪರು, ಸೌಟು, ಬೆಳಗಿನ ಸುತ್ತು, ಸಂಜೆಯ ಸುತ್ತು, ನೀರಿಗೂ ಏಳಗೊಡದೆ ಲೋಟ ಕೈಗಿಟ್ಟದ್ದು. ಯಾರೂ ಶಭಾಷ್ ಎನ್ನಲಿಲ್ಲ. ಹುಡುಗಿ ಹಿಂದೆ ಏನಿದೆ ಎಂದು ನೋಡದೆ ಕುಸಿದು ಕೂತಳು. ಹಿಂದೆ ಇದ್ದದ್ದು ರಬ್ಬರ್ ಚೆಂಡು. ಅದು ಅವಳನ್ನು ಹೊತ್ತುಕೊಂಡು ಮೆಲ್ಲಗೆ ಅಸ್ಥಿಪಂಜರದವರೆಗೆ ಉರುಳಿತು, ಇಬ್ಬರೂ ಕೂಡಿ ಬಿದ್ದರು. ಎತ್ತುವಾಗ ನೆಟ್ಟಗಿನ ಸಾರ್ ಅಭ್ಯಾಸಬಲದಿಂದ "ನೆಟ್ಟಗೆ" ಎಂದರು, ಯಾರಿಗೆ ಹೇಳಿದರೋ ತಿಳಿಯಲಿಲ್ಲ.

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದಾಗಿತ್ತು. ಸಾರ್ ಬೈಯಲಿಲ್ಲ, ತೀರ್ಪು ಕೊಟ್ಟರು. ಈ ಅಂಕಿಗಳಿಂದ ಏನನ್ನೂ ಸಾಧಿಸಲಾಗದು. ನಡೆದದ್ದನ್ನು ನಡೆದ ಹಾಗೆ ಬರೆದರೆ ಪ್ರಬಂಧವನ್ನು ಒಪ್ಪಬಹುದು. ಪದವಿ ಕೊಡುವುದು ಒಳ್ಳೆಯ ಫಲಿತಾಂಶಕ್ಕಲ್ಲ, ಫಲಿತಾಂಶ ಕೆಟ್ಟದ್ದೆಲ್ಲಿ ಎಂದು ಗುರುತಿಸುವ ಬುದ್ಧಿಗೆ. ಆದರೆ ನಡೆದುಕೊಂಡು ಬಂದ ಮುದುಕರನ್ನು ನಡೆಯಲಾಗದಂತೆ ಮಾಡಿ ಕಳಿಸಿದ ಸಂಶೋಧನೆಗೆ ತಾನು ಸಹಿ ಹಾಕುವವನಲ್ಲ. ಅವರಲ್ಲಿ ಒಬ್ಬೊಬ್ಬರೂ ಬಂದಾಗ ಹೇಗಿದ್ದರೋ ಅಷ್ಟಾದರೂ ಆಗಬೇಕು, ಅವಧಿ ಮುಗಿಯುವ ಮೊದಲು.

"ದೊಡ್ಡಮ್ಮ, ಕೂರಿಸಿದ್ದು ನೀವು" ಎಂದಳು ಹುಡುಗಿ ದಾರಿಯಲ್ಲಿ.

ಕೂರಿಸುವುದಕ್ಕಿಂತ ಏಳಿಸುವುದು ಕಷ್ಟವೆಂದು ಕಂಡಕ್ಟರಮ್ಮನಿಗೆ ಆಗ ತಿಳಿಯಿತು. ಗಡಿಯಾರದ ತಾತನಿಗೆ ಪೇಪರ್ ತರುವುದನ್ನು ನಿಲ್ಲಿಸಿದಳು. ಅವನು ಕೆಲವು ದಿನ ಹಳೆಯ ಪೇಪರನ್ನೇ ಓದಿ, ಒಳಗೆ ಜಗಳ ತುಂಬಿಬಂದು ತಡೆಯಲಾರದೆ ಕೋಲೂರಿಕೊಂಡು ಅಂಗಡಿಗೆ ಹೋದ. ಅಂಗಡಿಯವನು ಇಷ್ಟು ದಿನ ನೆಮ್ಮದಿಯಾಗಿದ್ದೆ ಎಂದದ್ದೇ ಸಾಕಾಯಿತು, ಮರುದಿನ ಕೋಲನ್ನೂ ಮರೆತು ಹೋದ. ಉಳಿದವರನ್ನು ಹುಡುಗಿಯ ವ್ಯಾಯಾಮವೂ ಕಂಡಕ್ಟರಮ್ಮನ ಗದರಿಕೆಯೂ ಸೇರಿ ಎಬ್ಬಿಸಿದವು. ಏಳದೆ ಉಳಿದವಳು ಅಡುಗೆಯಕ್ಕ ಒಬ್ಬಳೇ.

"ಅಕ್ಕ, ತಪ್ಪಾಯ್ತು. ಎದ್ದೇಳಿ."

"ತಪ್ಪೇನು ಬಂತು? ಒಳ್ಳೇ ಕೆಲಸಾನೇ ಮಾಡಿದ್ದೀಯ." ಅಡುಗೆಯಕ್ಕ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. "ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಆ ಒಲೆ ಮುಂದೆ ನಿಂತಿದ್ದೀನಿ. ಕೂತ್ಕೋ ಅಂತ ಯಾರೂ ಅಂದಿರಲಿಲ್ಲ. ನಿನ್ನ ಯೂನಿವರ್ಸಿಟಿ ಅಂತು. ಈಗ ಎದ್ದೆ ಅನ್ನು, ಸೌಟು ಓಡಿಬಂದು ಕೈಗೆ ಕೂರತ್ತೆ."

"ಆ ಹುಡುಗಿ ಭವಿಷ್ಯ ನಿಮ್ಮ ಮಂಡಿ ಮೇಲೆ ನಿಂತಿದೆ ಅಕ್ಕ."

"ನನ್ನ ಮಂಡಿ ಮೇಲೆ ಇಡೀ ಮನೆ ನಿಂತಿತ್ತು. ಅದು ಯಾರ ಪ್ರಬಂಧದಲ್ಲೂ ಬರಲಿಲ್ಲ."

ಪಕ್ಕದಲ್ಲಿ ಮಗ ಹಿಟ್ಟಾದ ಕೈಯಲ್ಲೇ ಕನ್ನಡಕ ಸರಿಪಡಿಸಿಕೊಳ್ಳುತ್ತಾ, ಅಮ್ಮ ಎದ್ದರೆ ಸಾಕು ಎಂದು ಆಸೆಯಿಂದ ನೋಡುತ್ತಿದ್ದ. ಆ ನೋಟವೇ ಎಲ್ಲವನ್ನೂ ಹೇಳಿತು. ಕಂಡಕ್ಟರಮ್ಮ ನೇರವಾಗಿ ನೆಟ್ಟಗಿನ ಸಾರ್ ಹತ್ತಿರ ಹೋಗಿ, ನೀವು ಬಂದು ಆ ಮನೆಯವರಿಗೆ ಒಂದು ಮಾತು ಹೇಳಬೇಕು, ಅಕ್ಕ ವ್ಯಾಯಾಮ ಮಾಡಬೇಕು, ಆದರೆ ಅಡುಗೆ ಮಾಡಬಾರದು ಎಂದಳು.

"ಅಡುಗೆ ಮಾಡಬಾರದು ಅನ್ನೋಕೆ ನನ್ನ ಹತ್ತಿರ ಪುರಾವೆ ಇಲ್ಲವಲ್ಲ" ಎಂದರು ಸಾರ್.

"ಮಾಡಲೇಬೇಕು ಅನ್ನೋಕೆ ಇದೆಯಾ?"

ಅವರು ಪ್ರಾಮಾಣಿಕ ಮನುಷ್ಯ. "ಅದೂ ಇಲ್ಲ."

"ಅಷ್ಟೇ ಬಂದು ಹೇಳಿ."

ಸಾರ್ ಬಂದರು. ಕೊಟ್ಟ ಕುರ್ಚಿಯನ್ನು ಅನುಮಾನದಿಂದ ನೋಡಿ, ನಿಂತೇ ಮಗನಿಗೂ ಸೊಸೆಗೂ ವಿವರಿಸಿದರು. "ಇವರ ಕಾಲಿಗೆ ದಿನಾ ವ್ಯಾಯಾಮ ಬೇಕೇಬೇಕು. ಅಡುಗೆ ಬೇಕು ಅಂತ ಇಲ್ಲೀವರೆಗೆ ಯಾವ ಸಂಶೋಧನೆಯೂ ಹೇಳಿಲ್ಲ." ಮಗ ಓದಿದವನು, ಸಂಶೋಧನೆಯ ಎದುರು ವಾದಿಸುವುದು ಹೇಗೆಂದು ತಿಳಿಯದೆ ತಲೆಯಾಡಿಸಿದ. ಸೊಸೆ ಮಾತ್ರ ಇಂಥ ಒಳ್ಳೆಯ ಸಂಶೋಧನೆ ಇನ್ನೂ ಯಾವುದಾದರೂ ಇದೆಯೇ ಎಂದು ವಿಚಾರಿಸಿದಳು. ಆ ಸಂಜೆಯೇ ಅಡುಗೆಯಕ್ಕ ಕುರ್ಚಿಯ ಬೆನ್ನು ಹಿಡಿದು ಹಿಮ್ಮಡಿ ಎತ್ತಿದಳು.

ಅವಧಿಯ ಕೊನೆಯ ವಾರ ಅಡುಗೆಯಕ್ಕನ ಅಳತೆ ಆ ಮನೆಯಲ್ಲೇ ನಡೆಯಿತು. ಹುಡುಗಿ ಬ್ಯಾಗಿನಲ್ಲಿ ಪ್ರಬಂಧ ತಂದಿದ್ದಳು, ಅದನ್ನು ಹೊರತೆಗೆಯುವ ಧೈರ್ಯವಿರಲಿಲ್ಲ. ಕುರ್ಚಿಯಿಂದ ಅಳೆದು ಟೇಪು ಅಂಟಿಸಿದಾಗ ಅದು ಸರಿಯಾಗಿ ಅಡುಗೆಮನೆಯ ಹೊಸ್ತಿಲಿಗೆ ಬಂತು. ಬೇರೆ ಕಡೆ ತಿರುಗಿಸಲು ಆ ಕೋಣೆಯಲ್ಲಿ ಜಾಗವಿರಲಿಲ್ಲ. ಒಳಗೆ ಮಗ ಏನನ್ನೋ ಕಲಸುತ್ತಿದ್ದ. ಸಾರ್ ಸ್ಟಾಪ್‌ವಾಚ್ ತಾವೇ ಹಿಡಿದರು. ಕಂಡಕ್ಟರಮ್ಮನಿಗೆ ಬಾಯಿ ತೆರೆಯಬಾರದೆಂದು ಆಜ್ಞೆಯಾಗಿತ್ತು.

ಅಡುಗೆಯಕ್ಕ ಕೈಯೂರದೆ ಎದ್ದಳು. ಒಂದೇ ಸಮನೆ ನಡೆದು ಹೊಸ್ತಿಲಿಗೆ ಬಂದಳು. ತಾಯಿ ಬರುತ್ತಿರುವುದನ್ನು ಕಂಡ ಮಗನ ಮುಖದಲ್ಲಿ ಬೆಳಕು ಮೂಡಿತು. ಅವನು ಒಲೆಯ ಮುಂದಿನಿಂದ ಪಕ್ಕಕ್ಕೆ ಸರಿದು ಸೌಟನ್ನು ಎರಡೂ ಕೈಯಲ್ಲಿ ಮುಂದೆ ಚಾಚಿದ. ಅಡುಗೆಯಕ್ಕ ಸೌಟನ್ನು ನೋಡಿದಳು, ಟೇಪನ್ನು ನೋಡಿದಳು. ಟೇಪು ದಾಟಿ ಒಳಗೆ ಹೋದರೆ ಅಳತೆ ಹಾಳು. ಅಡುಗೆಯಕ್ಕ ಟೇಪಿನ ಮೇಲೆ ಪಾದವಿಟ್ಟು, ನೀಟಾಗಿ ತಿರುಗಿ, ಬಂದ ದಾರಿಯಲ್ಲೇ ವಾಪಸ್ಸಾಗಿ ಕೂತಳು.

ಸಾರ್ ಸ್ಟಾಪ್‌ವಾಚ್ ನೋಡಿ, ಮೊದಲ ಅಳತೆಗಿಂತ ಚೆನ್ನಾಗಿದೆ ಎಂದರು. ಹುಡುಗಿಯಿಂದ ಪ್ರಬಂಧ ಇಸಿದುಕೊಂಡು ಗೋಡೆಗೆ ಒತ್ತಿಹಿಡಿದು ಸಹಿ ಹಾಕಿದರು. ಅದ್ಭುತ ಪ್ರಬಂಧವೇನೂ ಅಲ್ಲ, ಕೊನೆಯ ಪುಟದಲ್ಲಿ ಇದರಿಂದ ಏನೂ ತಿಳಿದುಬರುವುದಿಲ್ಲವೆಂದೇ ಬರೆದಿತ್ತು, ಆದರೆ ಊರಿನ ಆಸ್ಪತ್ರೆಗೆ ಅಷ್ಟು ಸಾಕಿತ್ತು. ಹುಡುಗಿ ಅಡುಗೆಯಕ್ಕನ ಮಂಡಿಗೆ ತಲೆಯಿಟ್ಟು ಅಳಲು ಶುರುಮಾಡಿದಳು. ಮಗ ಇನ್ನೂ ಸೌಟು ಚಾಚಿಕೊಂಡೇ ಹೊಸ್ತಿಲಲ್ಲಿ ನಿಂತಿದ್ದ.

"ತಳ ಹಿಡೀತಿದೆ ಕಣೋ" ಎಂದಳು ಅಡುಗೆಯಕ್ಕ ಕೂತಲ್ಲಿಂದಲೇ. "ಉರಿ ಸಣ್ಣ ಮಾಡು."